ಪಡುವಣ ಬೆಂಗಳೂರಿನಲ್ಲಿ ಶರೀಫ ಸಾಹೇಬರು

ಹಾವೇರಿಯ ಕಡೆಯಿಂದ ರಾತ್ರಿಯ ರೈಲು ಹತ್ತಿದ ಪ್ರಯಾಣಿಕನು ಬೆಳಗಿನ ಜಾವದ ಚಳಿಯಲ್ಲಿ ಬೆಂಗಳೂರಿನ ಪಡುವಣ ಬಾಗಿಲಿಗೆ ಬಂದಿಳಿಯುತ್ತಾನೆ. ಯಶವಂತಪುರದಲ್ಲಿ ಇಳಿದರೆ ರಾಜಾಜಿನಗರ ಕೂಗಳತೆಯ ದೂರ. ನಗರದ ದೊಡ್ಡ ನಿಲ್ದಾಣದಲ್ಲಿ ಇಳಿದು ಹಿಂಬಾಗಿಲಿನಿಂದ ಹೊರಬಿದ್ದರೆ ಮಾಗಡಿ ರಸ್ತೆ ಹೆಚ್ಚು ದೂರವಿಲ್ಲ. ಬಿಳಿಯ ಧೋತರ, ಬಿಳಿಯ ಅಂಗಿ, ತಲೆಗೊಂದು ರುಮಾಲು, ಕೈಯಲ್ಲಿ ಸಜ್ಜೆರೊಟ್ಟಿಯ ಗಂಟು—ಹೀಗೆ ಬಂದಿಳಿಯುವ ಹಿರಿಯರನ್ನು ಇಲ್ಲಿ ದಿನವೂ ಕಾಣಬಹುದು. ಒಬ್ಬರ ಮಗ ಪೀಣ್ಯದ ಕಾರ್ಖಾನೆಯಲ್ಲಿದ್ದಾನೆ. ಇನ್ನೊಬ್ಬರ ಮಗಳನ್ನು ಕಾಮಾಕ್ಷಿಪಾಳ್ಯಕ್ಕೆ ಕೊಟ್ಟಿದೆ. ಮತ್ತೊಬ್ಬರ ಮೊಮ್ಮಗ ವಿಜಯನಗರದ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದಾನೆ. ಊರಿನ ಸುದ್ದಿ, ಊರಿನ ಚಟ್ನಿಪುಡಿ, ಊರಿನ ಮಾತು ಇವುಗಳೊಡನೆ ಅವರು ಇನ್ನೊಂದು ವಸ್ತುವನ್ನೂ ತಮಗೆ ತಿಳಿಯದಂತೆಯೇ ಹೊತ್ತು ತರುತ್ತಾರೆ. ಅದು ಶಿಶುನಾಳ ಶರೀಫರ ಪದ.

ಪದಕ್ಕೆ ಟಿಕೆಟ್ಟು ಬೇಡ, ತೂಕವಿಲ್ಲ. ಆದರೆ ಅದು ಈ ಮಹಾನಗರದಲ್ಲಿ ಮನೆಮಾತಾದುದು ಊರಿನಿಂದ ಬಂದ ಹಿರಿಯರ ಬಾಯಿಂದಲ್ಲ, ಬಹುಮಟ್ಟಿಗೆ ಒಂದು ಚಲಚ್ಚಿತ್ರದಿಂದ ಎಂಬುದು ವಿಚಿತ್ರವಾದರೂ ಸತ್ಯ. ಹಾಡುಗಾರನೊಬ್ಬನ ಬದುಕನ್ನು ಬೆಳ್ಳಿತೆರೆ ಹೇಗೆ ಹಿಡಿಯುತ್ತದೆ, ಹಿಡಿಯುವಾಗ ಏನನ್ನು ಉಳಿಸುತ್ತದೆ, ಏನನ್ನು ಜಾರಿಸಿಬಿಡುತ್ತದೆ ಎಂಬುದನ್ನು ನೋಡಬೇಕಾದರೆ ಪಡುವಣ ಬೆಂಗಳೂರಿಗಿಂತ ತಕ್ಕ ಸ್ಥಳ ಸುಲಭವಾಗಿ ಸಿಗದು.

ಮೂರು ಹೆಸರು, ಒಂದು ಹೊಳೆ

ಈ ಭಾಗ ಹಳೆಯ ಪೇಟೆಯಲ್ಲ, ದಂಡು ಪ್ರದೇಶವೂ ಅಲ್ಲ. ಕೋಟೆಯ ವೈಭವವನ್ನಾಗಲಿ ಬಿಳಿಯ ದೊರೆಗಳ ಬಂಗಲೆಗಳನ್ನಾಗಲಿ ಅರಸಿ ಬಂದವರಿಗೆ ಇಲ್ಲಿ ನಿರಾಶೆಯೇ ಗತಿ. ಇದು ದುಡಿದು ಉಣ್ಣುವವರ ಬೆಂಗಳೂರು. ಭಾರತದ ಕೊನೆಯ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರನ್ನು ಹೊತ್ತ ರಾಜಾಜಿನಗರ, ಹಂಪೆಯ ಸಾಮ್ರಾಜ್ಯವನ್ನು ನೆನಪಿಗೆ ತರುವ ವಿಜಯನಗರ, ಕಲ್ಯಾಣದ ಅಣ್ಣನ ಹೆಸರಿನ ಬಸವೇಶ್ವರನಗರ—ಮೂರೂ ಮಗ್ಗುಲಿಗೆ ಮಗ್ಗುಲಾಗಿವೆ. ರಾಜಕಾರಣಿ, ಸಾಮ್ರಾಟ, ಶರಣ ಮೂವರೂ ಒಂದೇ ಬಸ್ಸಿನ ಹಾದಿಯಲ್ಲಿ ನೆರೆಹೊರೆಯವರಾಗಿರುವುದು ಬೆಂಗಳೂರಿಗೆ ಮಾತ್ರ ಸಾಧ್ಯವಾದ ಸೌಹಾರ್ದ!

ಇವುಗಳ ಅಂಚನ್ನು ಬಳಸಿಕೊಂಡು ವೃಷಭಾವತಿ ಕೆಂಗೇರಿಯ ಕಡೆಗೆ ಹರಿಯುತ್ತಾಳೆ. ಇಂದು ಆಕೆಯನ್ನು ದಾಟುವವರು ಮೂಗು ಮುಚ್ಚಿಕೊಳ್ಳುತ್ತಾರೆ. ಪಾವಿತ್ರ್ಯ ಹೆಸರಿನಲ್ಲಷ್ಟೇ ಉಳಿದಿದೆ. ವೃಷಭವೆಂದರೆ ಬಸವ. ಶರೀಫರು ತಮ್ಮ ಪದಗಳಿಗೆ ಅಂಕಿತವಾಗಿ ಇಟ್ಟುಕೊಂಡ ಶಿಶುನಾಳಾಧೀಶನೂ ಅವರ ಊರಿನ ಬಸವಣ್ಣ ದೇವರೇ. ಆದುದರಿಂದ ಅವರ ಹಾಡು ಬಸವೇಶ್ವರನಗರದ ಬೀದಿಯಲ್ಲಿ ಕೇಳಿಬಂದರೆ ಅದು ಪರಸ್ಥಳಕ್ಕೆ ಬಂದಂತಲ್ಲ, ನಂಟರ ಮನೆಗೆ ಬಂದಂತೆ.

ಈ ಬಡಾವಣೆಗಳಲ್ಲಿ ಉತ್ತರ ಕರ್ನಾಟಕದ ಖಾನಾವಳಿಗಳಿಗೆ ಕೊರತೆಯಿಲ್ಲ. ಹೊರಗೆ ವಾಹನಗಳ ಗದ್ದಲ. ಒಳಗೆ ಜೋಳದ ರೊಟ್ಟಿ ಬಡಿಯುವ ಸದ್ದು. ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು ಬಡಿಸುತ್ತ ಬಡಿಸುತ್ತ ಮಾಣಿಯೊಬ್ಬ ಗುನುಗುತ್ತಾನೆ. ಪಕ್ಕದ ಮೇಜಿನಲ್ಲಿ ಕುಳಿತ ಬೆಂಗಳೂರಿನ ಗುಮಾಸ್ತರೊಬ್ಬರು ರಾಗವನ್ನು ಗುರುತಿಸಿ, ಎದುರಿಗೆ ಕುಳಿತ ರುಮಾಲಿನ ಹಿರಿಯರನ್ನು ಕೇಳುತ್ತಾರೆ:

“ಇದು ಸಿನಿಮಾದ ಹಾಡಲ್ಲವೆ, ಯಜಮಾನರೆ?”

“ಸಿನಿಮಾಕ್ಕ ಆಮ್ಯಾಲೆ ಹೋಗೇತ್ರೀ ಸರ. ನಮ್ಮವ್ವ ಬೀಸೋಕಲ್ಲಿನ ಮುಂದ ಕುಂತು ಇದನ್ನ ಹಾಡತಿದ್ಲು.”

ಇಂತಹ ಮಾತುಕತೆ ಆ ಮೇಜುಗಳಿಗೆ ಹೊಸದಲ್ಲ. ಗುಮಾಸ್ತರು ಹೇಳಿದ್ದೂ ಸುಳ್ಳಲ್ಲ, ಹಿರಿಯರು ಹೇಳಿದ್ದೂ ಸುಳ್ಳಲ್ಲ. ಇವೆರಡರ ನಡುವೆ ಇರುವ ಅಂತರವೇ ಒಂದು ದೊಡ್ಡ ಕಥೆ.

ಸಂತರ ಪಾತ್ರ, ರಸ್ತೆಯ ಹೆಸರು

ಆ ಕಥೆಯ ಮೊದಲ ಅಧ್ಯಾಯವನ್ನು ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಓದಬೇಕು. ರಾಜಾಜಿನಗರವನ್ನು ಸೀಳಿಕೊಂಡು ಹೋಗುವ ಈ ರಸ್ತೆಯಲ್ಲಿ ನವರಂಗ್ ಚಿತ್ರಮಂದಿರ ಎಷ್ಟು ಪ್ರಸಿದ್ಧವೆಂದರೆ ವೃತ್ತಕ್ಕೂ ಬಸ್ ನಿಲ್ದಾಣಕ್ಕೂ ಅದರ ಹೆಸರೇ ನಿಂತಿದೆ. ಮಾಗಡಿ ರಸ್ತೆಯ ಕಡೆಗೆ ಹೋದರೆ ಪ್ರಸನ್ನ, ವೀರೇಶ್, ಅಂಜನ್ ಮೊದಲಾದ ಹೆಸರುಗಳು. ಈ ಭಾಗದ ಜನ ದಾರಿ ಹೇಳುವುದು ದೇವಸ್ಥಾನಗಳನ್ನು ಗುರುತಾಗಿಟ್ಟುಕೊಂಡು ಎಷ್ಟೋ, ಚಿತ್ರಮಂದಿರಗಳನ್ನು ಗುರುತಾಗಿಟ್ಟುಕೊಂಡೂ ಅಷ್ಟೇ.

ಹಾಡುಗಾರರ ಬದುಕು ಕನ್ನಡ ವಾಕ್ಚಿತ್ರಕ್ಕೆ ಮೊದಲಿನಿಂದಲೂ ಪ್ರಿಯವಾದ ವಸ್ತು. 1934ರಲ್ಲಿ ಕನ್ನಡ ಚಿತ್ರ ಮಾತನಾಡತೊಡಗಿತು. 1937ರ ಹೊತ್ತಿಗೆ ‘ಪುರಂದರದಾಸ’ ತೆರೆಗೆ ಬಂದಾಗಿತ್ತು. ಮುಂದೆ ರಾಜ್‌ಕುಮಾರರು ಐದು ವರ್ಷಗಳೊಳಗೆ ನಾಲ್ವರು ಹಾಡುವ ಸಂತರಾದರು: 1960ರಲ್ಲಿ ಕನಕದಾಸ, 1962ರಲ್ಲಿ ಕಬೀರ, 1963ರಲ್ಲಿ ತುಕಾರಾಮ, 1964ರ ‘ನವಕೋಟಿ ನಾರಾಯಣ’ದಲ್ಲಿ ಪುರಂದರದಾಸ. ಕುರುಬರ ನಾಯಕ, ನೇಕಾರ, ಅಂಗಡಿಕಾರ, ಚಿನಿವಾರ! ಒಬ್ಬ ನಟನ ಮುಖದಲ್ಲಿ ನಾಲ್ಕು ಕುಲಗಳು ಭಕ್ತಿಯ ಬೆಳಕನ್ನು ಕಂಡವು. ಅರ್ಧ ಶತಮಾನ ಕಳೆದ ಮೇಲೆ, 2016ರಲ್ಲಿ, ಅವರ ಮಗ ಶಿವರಾಜ್‌ಕುಮಾರ್ ‘ಸಂತೆಯಲ್ಲಿ ನಿಂತ ಕಬೀರ’ದಲ್ಲಿ ಅದೇ ನೇಕಾರನ ಪಾತ್ರವನ್ನು ವಹಿಸಿದರು. ತಂದೆಯ ಮಗ್ಗ ಮಗನಿಗೆ ಬಂದಿತು.

ಆ ಕಾಲದ ಸಂತಚಿತ್ರಗಳಿಗೆ ಒಂದು ಅಚ್ಚು ಇತ್ತು. ಮೊದಲು ಸಂಸಾರದ ಮೋಹ, ಬಳಿಕ ಒಂದು ಪೆಟ್ಟು, ಅನಂತರ ವೈರಾಗ್ಯ, ನಡುವೆ ದುಷ್ಟರ ಕಾಟ, ಕೊನೆಗೆ ಪವಾಡ. ಆ ಅಚ್ಚನ್ನು ಹೀಗಳೆಯುವುದು ಸುಲಭ. ಆದರೆ ಓದು ಬರಹ ಬಾರದ ಲಕ್ಷಾಂತರ ತಾಯಂದಿರಿಗೆ ಕನಕ ಪುರಂದರರು ಬರಿಯ ಹೆಸರಾಗಿ ಉಳಿಯದೆ ಕಣ್ಣೆದುರಿಗೆ ನಡೆದಾಡಿದ್ದು ಈ ಚಿತ್ರಗಳಿಂದ ಎಂಬುದನ್ನು ಮರೆಯಬಾರದು. ಕೊರತೆ ಬೇರೆಡೆ ಇತ್ತು. ಪವಾಡ ನಡೆದೊಡನೆ ಹಾಡಿನ ಪ್ರಶ್ನೆ ಮುಗಿದುಹೋಗುತ್ತಿತ್ತು. ದಾಸರು ಜಗತ್ತನ್ನು ಕೇಳಿದ ಪ್ರಶ್ನೆಗೆ ದೇವರೇ ಬಂದು ಉತ್ತರ ಕೊಟ್ಟ ಮೇಲೆ ಪ್ರೇಕ್ಷಕನಿಗೆ ಉಳಿಯುವ ಕೆಲಸವಾದರೂ ಏನು? ಕೈಮುಗಿದು ಮನೆಗೆ ಹೋಗುವುದು.

ಅಚ್ಚು ಮುರಿಯಲು ಬಹುಕಾಲ ಬೇಕಾಗಲಿಲ್ಲ. ಅ. ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿ 1966ರಲ್ಲಿ ಬಂದ ‘ಸಂಧ್ಯಾರಾಗ’ದಲ್ಲಿ ದೇವರು ಬರುವುದಿಲ್ಲ, ಸಂಗೀತವನ್ನೇ ಉಸಿರಾಗಿಸಿಕೊಂಡು ಸಂಸಾರದ ತಾಪವನ್ನು ಉಂಡ ಮನುಷ್ಯನಿದ್ದಾನೆ. ಅದರಲ್ಲಿ ಭೀಮಸೇನ ಜೋಶಿ, ಬಾಲಮುರಳೀಕೃಷ್ಣರಂಥವರ ಕಂಠ ಕೇಳಿಸಿತು. ತ. ರಾ. ಸು. ಅವರ ಕಾದಂಬರಿಯಿಂದ ಜಿ. ವಿ. ಅಯ್ಯರ್ 1975ರಲ್ಲಿ ತೆಗೆದ ‘ಹಂಸಗೀತೆ’ ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನ ಕಥೆ. ಆಜ್ಞೆಗೆ ತಲೆಬಾಗಿ ಹಾಡಲೊಲ್ಲದೆ ನಾಲಗೆಯನ್ನೇ ಕತ್ತರಿಸಿಕೊಂಡ ಗಾಯಕನ ಕಥೆ. ಭಕ್ತಿಯ ಅಚ್ಚು ಒಂದು ಕಡೆ, ಕಲಾವಿದನ ಅಭಿಮಾನದ ಕಥೆ ಇನ್ನೊಂದು ಕಡೆ. ಇವೆರಡರ ನಡುವಿನ ಹಾದಿಯಲ್ಲಿ 1990ರಲ್ಲಿ ನಡೆದು ಬಂದವರು ಶರೀಫ ಸಾಹೇಬರು.

ಶಿಶುವಿನಹಾಳದಿಂದ ಬಂದ ಧ್ವನಿ

ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಶರೀಫರು ಜನಿಸಿದರು. ಓದಿ, ಪರೀಕ್ಷೆ ಮುಗಿಸಿ, ಕೆಲಕಾಲ ಶಾಲಾ ಮಾಸ್ತರರಾಗಿದ್ದರು. ನೆಲೆಯಾದ ಸಂಬಳವನ್ನು ಬಿಟ್ಟು ಹೊರಟದ್ದು ಗುರುವನ್ನು ಅರಸಿ. ಸಿಕ್ಕ ಗುರುಗಳು ಕಳಸದ ಗೋವಿಂದಭಟ್ಟರು. ಆಚಾರದ ಗೆರೆಗಳನ್ನು ಅಷ್ಟಾಗಿ ಲೆಕ್ಕಿಸದ ಬ್ರಾಹ್ಮಣ. ಮುಸಲ್ಮಾನ ಶಿಷ್ಯನಿಗೆ ಗುರುಗಳು ಜನಿವಾರ ಹಾಕಿದರೆಂಬ ಕಥೆಯನ್ನು ಆ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಎರಡೂ ಕಡೆಯ ಮಡಿವಂತರಿಗೆ ಅದು ನುಂಗಲಾರದ ತುತ್ತಾಯಿತು. ಹೆಂಡತಿ ಫಾತಿಮಾ ಬೇಗನೆ ತೀರಿಕೊಂಡರು. ಬಡತನ ಮನೆ ಬಿಟ್ಟು ಕದಲಲಿಲ್ಲ. ಹಾಡು ಮಾತ್ರ ಹುಟ್ಟುತ್ತಲೇ ಹೋಯಿತು. ರೂಢಿಯ ಲೆಕ್ಕದಂತೆ 1889ರಲ್ಲಿ, ಎಪ್ಪತ್ತು ತುಂಬಿದ ದಿನವೇ, ಅವರು ದೇಹ ಬಿಟ್ಟರು. ಅವರ ಗದ್ದುಗೆಗೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ.

ಶರೀಫರು ಹಾಡಿದ್ದು ಕಣ್ಣೆದುರಿನ ವಸ್ತುಗಳನ್ನು. ಮಳೆಗಾಲದಲ್ಲಿ ಸೋರುವ ಮನೆ, ಕೋತಿಯನ್ನೇ ನುಂಗಿಬಿಟ್ಟ ಕೋಳಿ, ಹೊಸದಾಗಿ ಬಂದ ಗಿರಣಿ ಇವೆಲ್ಲ ಅವರ ಪದಗಳಲ್ಲಿ ತತ್ತ್ವಕ್ಕೆ ಬಾಗಿಲಾದವು. ಕೇಳುವವನು ಮೊದಲು ನಗುತ್ತಾನೆ; ಮನೆಗೆ ಹೋಗುವ ದಾರಿಯಲ್ಲಿ ಯೋಚನೆಗೆ ಬೀಳುತ್ತಾನೆ. ಪುಸ್ತಕಕ್ಕಿಂತ ಹೆಚ್ಚಾಗಿ ಭಜನೆಯವರ ನಾಲಗೆಯೇ ಆ ಪದಗಳನ್ನು ನೂರು ವರ್ಷ ಕಾಪಾಡಿಕೊಂಡು ಬಂದಿತು.

ಆ ನಾಲಗೆಗೂ ಬೆಂಗಳೂರಿನ ಕಿವಿಗೂ ಸೇತುವೆ ಕಟ್ಟಿದವರಲ್ಲಿ ಪ್ರಮುಖರು ಸಿ. ಅಶ್ವತ್ಥ್. ಅವರು ಧಾರವಾಡದ ಸೀಮೆಯವರಲ್ಲ. 1939ರ ಡಿಸೆಂಬರ್ 29ರಂದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು. ಅವರು ರಾಗ ಹಾಕಿದ ಶರೀಫರ ಪದಗಳು, ಅವರದೂ ಶಿವಮೊಗ್ಗ ಸುಬ್ಬಣ್ಣನವರದೂ ಕಂಠದಲ್ಲಿ, ಕ್ಯಾಸೆಟ್ಟಿನ ಮೂಲಕ ಮನೆಮನೆಗೆ ಹೋದವು. ಅನಂತರ ಬಂದದ್ದು ಟಿ. ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’. ಭರತನಾಟ್ಯ ಕಲಾವಿದರೂ ಆದ ಶ್ರೀಧರ್ ಶರೀಫರಾದರು, ಧಾರವಾಡದ ನೀರು ಕುಡಿದು ಬೆಳೆದ ಗಿರೀಶ ಕಾರ್ನಾಡರು ಗೋವಿಂದಭಟ್ಟರಾದರು, ಸಂಗೀತ ಅಶ್ವತ್ಥರದು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿ ಆ ಚಿತ್ರಕ್ಕೆ ದೊರೆಯಿತು. ಅಶ್ವತ್ಥರು 2009ರ ಡಿಸೆಂಬರ್ 29ರಂದು, ಶರೀಫರಂತೆಯೇ ಎಪ್ಪತ್ತು ತುಂಬಿದ ದಿನ, ತೀರಿಕೊಂಡರು. ಇದನ್ನು ಕಾಕತಾಳೀಯವೆನ್ನುವವರು ಹಾಗೆನ್ನಲಿ. ಅವರ ಹಾಡನ್ನು ಪ್ರೀತಿಸುವವರು ಮಾತ್ರ ಅಷ್ಟಕ್ಕೇ ಸುಮ್ಮನಾಗುವುದಿಲ್ಲ.

ಚಿತ್ರದ ದೊಡ್ಡ ಗುಣವೆಂದರೆ ಹಾಡೇ ಕಥೆಯ ಬೆನ್ನೆಲುಬಾಗಿರುವುದು. ಬೆಂಗಳೂರಿನ ಮಧ್ಯಮ ವರ್ಗದ ಸಂಸಾರಗಳಲ್ಲಿ ಅಲ್ಲಿಯ ತನಕ ಉತ್ತರ ಕರ್ನಾಟಕದ ಮಾತು ಬಹುಮಟ್ಟಿಗೆ ನಗೆಗೆ ಬಳಕೆಯಾಗುತ್ತಿತ್ತು; ತೆರೆಯ ಮೇಲೆ ಆ ಮಾತನ್ನು ಆಡುವವನು ಸಾಮಾನ್ಯವಾಗಿ ವಿದೂಷಕ. ಶರೀಫರ ಚಿತ್ರ ಬಂದಾಗ ಅದೇ ಮಾತು ಜ್ಞಾನಿಯ ಮಾತಾಗಿ ಕೇಳಿಸಿತು. ಇದು ಸಣ್ಣ ಉಪಕಾರವಲ್ಲ.

ಆದರೆ ಕಳೆದುಕೊಂಡದ್ದೂ ಉಂಟು. ಚಿತ್ರದ ಹಾಡಿಗೆ ಒಬ್ಬ ಗಾಯಕ. ಭಜನೆಯ ಹಾಡಿಗೆ ಊರೇ ಗಾಯಕ. ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಹತ್ತು ಜನ ಹಿಡಿದು, ಏಕತಾರಿ, ತಾಳ, ದಮ್ಮಡಿಗಳೊಡನೆ ನಡುರಾತ್ರಿಯವರೆಗೆ ಹಿಗ್ಗಿಸುವ ಹಾಡು ಚಿತ್ರದಲ್ಲಿ ಕೆಲವೇ ನಿಮಿಷಗಳಿಗೆ ಕುಗ್ಗಬೇಕು. ಒಂದೊಂದು ಊರಿಗೆ ಒಂದೊಂದು ಧಾಟಿ ಇದ್ದ ಪದಕ್ಕೆ ಒಂದೇ ಧಾಟಿ ನಿಂತಿತು. ನಗರದ ಮಕ್ಕಳು ಅಶ್ವತ್ಥರ ರಾಗವನ್ನೇ ಶರೀಫರ ರಾಗವೆಂದು ತಿಳಿದರು. ಸೋರುವ ಮನೆಯ ಪದವನ್ನೇ ನೋಡಿ. ಬೆಂಗಳೂರಿನವರಿಗೆ ಮಾಳಿಗೆ ಎಂದರೆ ಮಹಡಿ. ಹಾವೇರಿಯ ಸೀಮೆಯಲ್ಲಿ ಮಾಳಿಗೆ ಎಂದರೆ ಮಣ್ಣು ಹಾಸಿದ ಚಪ್ಪಟೆ ಛಾವಣಿ. ಮುಂಗಾರಿಗೆ ಮೊದಲು ಮಣ್ಣು ಹೊತ್ತು, ತುಳಿದು, ಬಡಿದು ಗಟ್ಟಿಮಾಡದಿದ್ದರೆ ಮನೆಯೊಳಗೆಲ್ಲ ನೀರು. ಕಾಳಿನ ಹಗೇವಿನ ಚಿಂತೆ, ಕೂಸಿನ ತೊಟ್ಟಿಲಿನ ಚಿಂತೆ. ಆ ಚಿಂತೆಯನ್ನು ಉಂಡವನಿಗೆ ಪದದ ತತ್ತ್ವ ನೆತ್ತಿಯ ಮೇಲೆ ಹನಿಹನಿಯಾಗಿ ಬೀಳುತ್ತದೆ. ಸಿಮೆಂಟಿನ ತಾರಸಿಯ ಕೆಳಗೆ ಕುಳಿತು ಕೇಳುವವನಿಗೆ ಅದು ಸೊಗಸಾದ ರೂಪಕ ಮಾತ್ರ.

ಕಡಲಾಚೆಯ ಇನ್ನೊಬ್ಬ ಹಾಡುಗಾರ

ಈ ಲಾಭನಷ್ಟದ ಲೆಕ್ಕ ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ರಾಜಾಜಿನಗರದ ಅಂಚಿನಲ್ಲಿ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಮೆಟ್ರೊ ನಿಲ್ದಾಣದ ಸಮೀಪ, ಹಿಂದೆ ಕಿರ್ಲೋಸ್ಕರ್ ಕಾರ್ಖಾನೆ ಇದ್ದ ನೆಲದಲ್ಲಿ ಇಂದು ಒರಾಯನ್ ಮಾಲ್ ಎದ್ದುನಿಂತಿದೆ. ಅದರೊಳಗಿನ ಚಿತ್ರಮಂದಿರಗಳಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಹಲವು ವರ್ಷ ನಡೆದಿದೆ. ಹೊರಗೆ ತರಕಾರಿ ಗಾಡಿ, ಒಳಗೆ ಲೋಕದ ನಾನಾ ದೇಶಗಳ ಕಥೆ. ಹೀಗೆ ಜಗತ್ತಿನ ಚಿತ್ರಗಳನ್ನು ನೋಡುವ ಅಭ್ಯಾಸವಾದ ಯುವಕ ಯುವತಿಯರಿಗೆ ಜಮೈಕ ದ್ವೀಪದ ಬಾಬ್ ಮಾರ್ಲೆಯ ಹೆಸರು ಹೊಸದಲ್ಲ. ಶರೀಫರ ಪಕ್ಕದಲ್ಲಿ ಅವನನ್ನು ನಿಲ್ಲಿಸಿದರೆ ಹಿರಿಯರು ಹುಬ್ಬೇರಿಸಬಹುದು. ಆದರೂ ಇಬ್ಬರನ್ನೂ ಒಟ್ಟಿಗೆ ನೋಡುವುದರಿಂದ ತಿಳಿವು ಹೆಚ್ಚುತ್ತದೆ.

1945ರಲ್ಲಿ ಹಳ್ಳಿಯೊಂದರಲ್ಲಿ ಕಪ್ಪು ತಾಯಿಗೂ ಬಿಳಿಯ ತಂದೆಗೂ ಹುಟ್ಟಿ, ಎರಡೂ ಬಣ್ಣದವರಿಗೆ ಪೂರ್ತಿ ಸಲ್ಲದವನಾಗಿ, ರಾಜಧಾನಿ ಕಿಂಗ್‌ಸ್ಟನ್‌ನ ಟ್ರೆಂಚ್‌ಟೌನ್ ಎಂಬ ಬಡವರ ಕೇರಿಯಲ್ಲಿ ಬೆಳೆದವನು ಮಾರ್ಲೆ. 1960ರ ದಶಕದ ಕೊನೆಯಲ್ಲಿ ಅಲ್ಲಿ ಹುಟ್ಟಿದ ರೆಗ್ಗೆ ಸಂಗೀತದಲ್ಲಿ ಗಿಟಾರಿನ ಪೆಟ್ಟು ತಾಳದ ನೆಟ್ಟನೆಯ ಮೆಟ್ಟಿಲ ಮೇಲೆ ಬೀಳದೆ ಎಡೆಯಲ್ಲಿ ಬೀಳುತ್ತದೆ. ಕೇಳುವವನ ಮೈ ತಾನಾಗಿ ತೂಗುತ್ತದೆ. 2018ರಲ್ಲಿ ಯುನೆಸ್ಕೊ ಆ ಸಂಗೀತವನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ರಾಸ್ತಫಾರಿ ಎಂಬ ಪಂಥವನ್ನು ಅನುಸರಿಸಿದ ಮಾರ್ಲೆ ದೇವರನ್ನೂ ದಬ್ಬಾಳಿಕೆಯನ್ನೂ ಒಂದೇ ಉಸಿರಿನಲ್ಲಿ ಹಾಡಿದನು. 1976ರ ಡಿಸೆಂಬರಿನಲ್ಲಿ ಬಂದೂಕುಧಾರಿಗಳು ಅವನ ಮನೆಗೆ ನುಗ್ಗಿ ಗುಂಡು ಹಾರಿಸಿದರು. ಎರಡು ದಿನ ಕಳೆದು ಗಾಯದೊಡನೆಯೇ ಆತ ವೇದಿಕೆ ಹತ್ತಿದನು. 1978ರಲ್ಲಿ ಪರಸ್ಪರ ಹಗೆತನದಲ್ಲಿದ್ದ ಎರಡು ಪಕ್ಷಗಳ ನಾಯಕರನ್ನು ವೇದಿಕೆಗೆ ಕರೆದು ಕೈಗೆ ಕೈ ಸೇರಿಸಿದನು. 1981ರಲ್ಲಿ ಕ್ಯಾನ್ಸರಿಗೆ ತುತ್ತಾದಾಗ ವಯಸ್ಸು ಕೇವಲ 36.

ಇಂತಹ ಬದುಕು ಚಿತ್ರಕಾರರನ್ನು ಸೆಳೆಯದಿರುತ್ತದೆಯೆ? 2012ರಲ್ಲಿ ಕೆವಿನ್ ಮ್ಯಾಕ್‌ಡೊನಾಲ್ಡ್ ಬಂಧುಮಿತ್ರರ ನೆನಪುಗಳನ್ನು ಕೂಡಿಸ�ಿ ‘ಮಾರ್ಲೆ’ ಎಂಬ ಸಾಕ್ಷ್ಯಚಿತ್ರ ಮಾಡಿದರು. 2024ರ ಫೆಬ್ರವರಿಯಲ್ಲಿ ‘ಬಾಬ್ ಮಾರ್ಲೆ: ಒನ್ ಲವ್’ ಎಂಬ ಕಥಾಚಿತ್ರ ತೆರೆ ಕಂಡಿತು. ನಿರ್ಮಾಪಕರಲ್ಲಿ ಗಾಯಕನ ಹೆಂಡತಿ ಮಕ್ಕಳೂ ಇದ್ದರು. ಗುಂಡೇಟಿನಿಂದ ಶಾಂತಿಸಭೆಯವರೆಗಿನ ಎರಡು ವರ್ಷಗಳೇ ಅದರ ಹಂದರ. ಮನೆಯವರೇ ಮಾಡಿಸಿದ ಮೂರ್ತಿಗೆ ಕಲೆ ಕಾಣಬಾರದಷ್ಟೆ. ಅಲ್ಲಿ ಪ್ರೇಮದ ಸಂದೇಶ ಎದ್ದು ಕಾಣುತ್ತದೆ, ಕೇರಿಯ ಹಸಿವು ಹಿಂದೆ ಸರಿಯುತ್ತದೆ. ನಮ್ಮ ಹಳೆಯ ಸಂತಚಿತ್ರಗಳ ಅಚ್ಚು ಏಳು ಕಡಲಿನಾಚೆಯೂ ಉಂಟು!

ಆ ದ್ವೀಪದ ಹಾಡುಗಾರರ ಬಾಳನ್ನು ಇವೆರಡಕ್ಕಿಂತ ನಿಚ್ಚಳವಾಗಿ ತೋರಿಸಿದ್ದು 1972ರ ‘ದ ಹಾರ್ಡರ್ ದೇ ಕಮ್’. ಅದು ಯಾವ ಮಹಾಪುರುಷನ ಚರಿತ್ರೆಯೂ ಅಲ್ಲ. ಸ್ವತಃ ರೆಗ್ಗೆ ಗಾಯಕನಾದ ಜಿಮ್ಮಿ ಕ್ಲಿಫ್ ಅದರ ನಾಯಕ. ಹಳ್ಳಿಯ ಹುಡುಗನೊಬ್ಬ ಬಸ್ಸು ಹತ್ತಿ ಪಟ್ಟಣಕ್ಕೆ ಬರುತ್ತಾನೆ. ಇಳಿದೊಡನೆ ಗಂಟುಮೂಟೆ ಕಳೆದುಕೊಳ್ಳುತ್ತಾನೆ. ಚಿತ್ರಮಂದಿರದ ಕತ್ತಲಲ್ಲಿ ಕುಳಿತು ತೆರೆಯ ಶೂರನನ್ನು ಕಂಡು ಮೈಮರೆಯುತ್ತಾನೆ. ತಾನೇ ಕಟ್ಟಿ ಹಾಡಿದ ಹಾಡಿಗೆ ಧ್ವನಿಮುದ್ರಿಕೆಯ ಧಣಿ ಇಪ್ಪತ್ತು ಡಾಲರು ಎಸೆಯುತ್ತಾನೆ. ಮುಂದಿನ ಹಾದಿ ಅಪರಾಧದ್ದು, ಸಾವಿನದು. ಅಲ್ಲಿ ಹಾಡುಗಾರನ ಹಿಂದೆ ಅವನ ಜನರೆಲ್ಲ ನಿಂತಿದ್ದಾರೆ. ಹಾಡು ಯಾರ ಬಾಯಿಂದ ಬಂದಿತೋ ಅವರನ್ನು ಚೌಕಟ್ಟಿನ ಹೊರಗೆ ತಳ್ಳದಿರುವುದೇ ಇಂತಹ ಚಿತ್ರಗಳ ನಿಜವಾದ ಪರೀಕ್ಷೆ. ಆ ಪರೀಕ್ಷೆ ಚಿತ್ರಕ್ಕೆ ಮಾತ್ರವಲ್ಲ, ಅದನ್ನು ನೋಡುವ ಊರಿಗೂ ಉಂಟು.

ಬಾಗಿಲಲ್ಲಿ ನಿಂತ ಧೋತರ

ಪಡುವಣ ಬೆಂಗಳೂರಿಗೆ ಆ ಪರೀಕ್ಷೆ ಬಂದದ್ದು 2024ರ ಜುಲೈ ತಿಂಗಳಲ್ಲಿ. ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರು ಮಗನೊಡನೆ ಚಲಚ್ಚಿತ್ರ ನೋಡಲೆಂದು ಮಾಗಡಿ ರಸ್ತೆಯ ಮಾಲೊಂದಕ್ಕೆ ಬಂದರು. ಮೈಮೇಲೆ ಬಿಳಿಯ ಅಂಗಿ, ಬಿಳಿಯ ಪಂಚೆ. ಬಾಗಿಲಲ್ಲಿದ್ದ ಕಾವಲಿನವರು ಪಂಚೆ ಉಟ್ಟವರನ್ನು ಒಳಗೆ ಬಿಡುವಂತಿಲ್ಲವೆಂದು ತಡೆದರು. ಮಗ ಅದನ್ನು ನಾಡಿಗೆ ತಿಳಿಸಿದನು. ಮರುದಿನ ಕನ್ನಡಪರ ಸಂಘಟನೆಯವರೂ ರೈತರೂ ಅಲ್ಲಿ ನೆರೆದರು, ವಿಧಾನಮಂಡಲದಲ್ಲಿ ಮಾತೆದ್ದಿತು, ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಸಾರಿತು. ಆಡಳಿತದವರು ಕ್ಷಮೆ ಕೋರಿ ಆ ಹಿರಿಯರನ್ನು ಸನ್ಮಾನಿಸಿದರು.

ಸುದ್ದಿ ಅಲ್ಲಿಗೆ ಮುಗಿಯಿತು, ಯೋಚನೆ ಮುಗಿಯಬಾರದು. ಆ ಹಿರಿಯರು ಬಂದದ್ದು ಶರೀಫರ ಜಿಲ್ಲೆಯಿಂದ. ಅವರನ್ನು ತಡೆದ ಬಾಗಿಲಿಗೂ ಡಾ. ರಾಜ್‌ಕುಮಾರ್ ರಸ್ತೆಗೂ ಬಹಳ ಅಂತರವಿಲ್ಲ. ಆ ರಸ್ತೆಗೆ ಹೆಸರಾದ ಮಹನೀಯರು ತೆರೆಯ ಮೇಲೆ ಎಂತೆಂತಹ ಉಡುಪು ತೊಟ್ಟರೂ ಸಭೆ ಸಮಾರಂಭಗಳಿಗೆ ಬರುತ್ತಿದ್ದುದು ಬಿಳಿಯ ಪಂಚೆ, ಬಿಳಿಯ ಅಂಗಿಯಲ್ಲಿಯೇ ಎಂಬುದನ್ನು ಅರಿಯದ ಕನ್ನಡಿಗನಿಲ್ಲ. ತೆರೆಯ ಮೇಲಿನ ಸಂತನಿಗೆ ಕೈಮುಗಿದ ನಗರ, ಅವನ ಊರಿನ ಕಡೆಯವರು ತೆರೆಯ ಮುಂದೆ ಕೂರಲು ಬಂದಾಗ ಬಾಗಿಲಲ್ಲಿ ನಿಲ್ಲಿಸಿತು.

ಕಾವಲಿನವರನ್ನೇ ಬಯ್ದು ಸುಮ್ಮನಾಗುವುದು ನ್ಯಾಯವಲ್ಲ. ಅವರೂ ಎಲ್ಲಿಂದಲೋ ಹೊಟ್ಟೆಪಾಡಿಗೆ ಬಂದವರು. ಯಾರೋ ಹೇಳಿಕೊಟ್ಟ ನಿಯಮವನ್ನು ಪಾಲಿಸಿದವರು. ಊರಿನಿಂದ ಬಂದ ತಂದೆ ಪಂಚೆಯಲ್ಲಿ ಹೊರಟಾಗ “ಅಪ್ಪಾಜಿ, ಅಲ್ಲಿಗೆ ಪ್ಯಾಂಟು ಹಾಕಿಕೊಳ್ಳಿ” ಎಂದು ಮೆಲ್ಲಗೆ ಹೇಳುವ ಮಕ್ಕಳು ಎಷ್ಟು ಮನೆಗಳಲ್ಲಿಲ್ಲ! ಶಾಲೆಯಲ್ಲಿ ಅಜ್ಜಿಯ ಮಾತಿನ ಧಾಟಿ ಕೇಳಿ ಗೆಳತಿಯರು ನಕ್ಕಾರೆಂದು ಅಂಜುವ ಮೊಮ್ಮಕ್ಕಳು ಎಷ್ಟಿಲ್ಲ! ಅಂತಹ ಮನೆಗಳಲ್ಲಿಯೇ ಭಾನುವಾರ ಬೆಳಿಗ್ಗೆ ಶರೀಫರ ಹಾಡು ಮೊಳಗುತ್ತದೆ. ಹಾಡು ಬೇಕು, ಹಾಡಿದವರ ಉಡುಪು ಬೇಡ. ರಾಗ ಬೇಕು, ನುಡಿಯ ಧಾಟಿ ಬೇಡ. ಬಾಗಿಲಿನ ನಿಯಮ ಮಾಲಿನಲ್ಲಿ ಹುಟ್ಟಿದ್ದಲ್ಲ, ಮನೆಯ ಹೊಸ್ತಿಲಲ್ಲಿ ಹುಟ್ಟಿ ಅಲ್ಲಿಗೆ ನಡೆದುಹೋದದ್ದು.

ಹಾಗಿದ್ದರೂ ಒಂದು ಸಮಾಧಾನವುಂಟು. ನಾಡು ಸುಮ್ಮನಿರಲಿಲ್ಲ. ಒಬ್ಬ ವೃದ್ಧರ ಪಂಚೆಗಾದ ಅವಮಾನ ತಮ್ಮದೆಂದು ಲಕ್ಷಾಂತರ ಮಂದಿ ತಿಳಿದರು. ತೆರೆಯ ಸಂತರೆಲ್ಲ ವ್ಯರ್ಥವಾಗಿ ಹಾಡಲಿಲ್ಲವೆನ್ನಲು ಅಷ್ಟು ಸಾಲದೆ?

ಕೆಂಗೇರಿಯ ಸಂಜೆ

ವಿಜಯನಗರದಲ್ಲಿ ನೇರಳೆ ಬಣ್ಣದ ಮೆಟ್ರೊ ಹತ್ತಿದರೆ ಅತ್ತಿಗುಪ್ಪೆ, ದೀಪಾಂಜಲಿನಗರ, ನಾಯಂಡಹಳ್ಳಿ, ಜ್ಞಾನಭಾರತಿಗಳನ್ನು ದಾಟಿ ಕೆಂಗೇರಿ ತಲುಪಬಹುದು. 2021ರಲ್ಲಿ ಈ ದಾರಿ ತೆರೆದಂದಿನಿಂದ ಕೆಂಗೇರಿ ಊರಾಚೆ ಎಂಬ ಮಾತು ಹಳತಾಯಿತು. ಜ್ಞಾನಭಾರತಿಯ ನೆರೆಯ ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮವಿದೆ. ನಾಟಕ ಕಲಿಯುವ ಹುಡುಗರು ಅಲ್ಲಿ ಮರದ ನೆರಳಿನಲ್ಲಿ ಮಾತು ಒಪ್ಪಿಸುತ್ತಿರುತ್ತಾರೆ. ಅಶ್ವತ್ಥರ ಕಂಠದಲ್ಲಿ ಮನೆಮಾತಾದ ಕವಿ ಜಿ. ಎಸ್. ಶಿವರುದ್ರಪ್ಪನವರ ಅಂತ್ಯಕ್ರಿಯೆ 2013ರ ಡಿಸೆಂಬರಿನಲ್ಲಿ ನಡೆದದ್ದು ಅಲ್ಲಿಯೇ.

ಕೆಂಗೇರಿಯ ಸಮೀಪ ಅಭಿಮಾನ್ ಸ್ಟುಡಿಯೊ ಇದೆ. ಅಶ್ವತ್ಥರು ತೀರಿಕೊಂಡ ಮರುದಿನವೇ, 2009ರ ಡಿಸೆಂಬರ್ 30ರಂದು, ನಟ ವಿಷ್ಣುವರ್ಧನರೂ ಕಣ್ಮುಚ್ಚಿದರು. ಅವರ ಅಂತ್ಯಸಂಸ್ಕಾರ ಆ ಸ್ಟುಡಿಯೊದಲ್ಲಿ ನಡೆಯಿತು. ಅಭಿಮಾನಿಗಳು ಹದಿನೈದು ವರ್ಷ ಅಲ್ಲಿಗೆ ಬಂದು ಹೂವಿಟ್ಟರು. 2025ರ ಆಗಸ್ಟಿನಲ್ಲಿ ಆ ಸಮಾಧಿ ನೆಲಸಮವಾಯಿತು. ಕಟ್ಟಿದ್ದು ಎಷ್ಟೇ ಪ್ರೀತಿಯಿಂದ ಕಟ್ಟಿದ್ದಾದರೂ ಒಂದು ರಾತ್ರಿಯಲ್ಲಿ ಇಲ್ಲವಾಗಬಹುದೆಂಬುದನ್ನು ಕೆಂಗೇರಿ ಕಣ್ಣಾರೆ ಕಂಡಿತು.

ಕಲ್ಲು ಹೋಗುತ್ತದೆ. ಚಿತ್ರದ ಸುರುಳಿಯೂ ಸವೆಯುತ್ತದೆ. ಕ್ಯಾಸೆಟ್ಟುಗಳು ಆಗಲೇ ಅಟ್ಟ ಸೇರಿವೆ. ಬಾಯಿಂದ ಬಾಯಿಗೆ ಹೋಗುವ ಪದ ಮಾತ್ರ ಮನೆ ಬದಲಾಯಿಸುತ್ತ ಬದುಕುತ್ತದೆ. ಬೆಂಗಳೂರು ನುಂಗಿದ ಈ ಸುತ್ತಿನ ಹಳ್ಳಿಗಳಲ್ಲಿ ಭಜನೆಮನೆಗಳು ಇನ್ನೂ ಕೆಲವು ಉಳಿದಿವೆ. ಕೈವಾರದ ತಾತಯ್ಯನ ಪದ ಒಂದು, ದಾಸರ ಪದ ಒಂದು, ನಡುವೆ ಶರೀಫರ ಪದ ಒಂದು. ಹಾರ್ಮೋನಿಯಂ ಹಿಡಿದವರು ಧಾಟಿಯನ್ನು ಚಿತ್ರದಿಂದ ಕಲಿತಿರಬಹುದು. ಹತ್ತು ಬಾಯಿಗಳಲ್ಲಿ ಹೊರಳಿದ ಮೇಲೆ ಅದು ಚಿತ್ರದ ಧಾಟಿಯಾಗಿ ಉಳಿಯುವುದಿಲ್ಲ. ಊರಿನಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ತೆರೆಗೆ, ತೆರೆಯಿಂದ ಮತ್ತೆ ಊರಿನ ಬಾಯಿಗೆ ಬಂದು ಸೇರಿದಾಗ ಪದದ ಪ್ರಯಾಣ ಒಂದು ಸುತ್ತು ಮುಗಿಯುತ್ತದೆ. ಹಾಡುಗಾರನ ಚಿತ್ರ ಮಾಡಬಹುದಾದ ಅತ್ಯುತ್ತಮ ಕೆಲಸ ಅದೇ: ಹಾಡನ್ನು ಎರವಲು ಪಡೆದು, ಬೆಳಕಿಗೆ ಹಿಡಿದು, ಅದರ ಒಡೆಯರಿಗೆ ಹಿಂದಿರುಗಿಸುವುದು.

ರಾತ್ರಿ ಹಾವೇರಿಯ ಕಡೆಗೆ ಹೊರಡುವ ರೈಲಿಗಾಗಿ ಯಶವಂತಪುರದಲ್ಲಿ ಧೋತರದ ಹಿರಿಯರು ಕಾದು ಕುಳಿತಿರುತ್ತಾರೆ. ಬಂದಾಗ ರೊಟ್ಟಿಯ ಗಂಟು ಇದ್ದ ಕೈಯಲ್ಲಿ ಈಗ ಮೊಮ್ಮಗಳಿಗೆಂದು ಕೊಂಡ ಗೊಂಬೆ. ಕಳಿಸಲು ಬಂದ ಮೊಮ್ಮಗ ಸಾಹೇಬರ ಪದವೊಂದನ್ನು ಮೊಬೈಲಿನಲ್ಲಿ ಹಚ್ಚುತ್ತಾನೆ. ಅಜ್ಜ ಸ್ವಲ್ಪ ಹೊತ್ತು ಕೇಳಿ ತಲೆದೂಗಿ, “ಅದನ್ನ ಬಂದ್ ಮಾಡೋ ತಮ್ಮಾ, ನಿನಗ ನಮ್ಮೂರ ಧಾಟಿ ಹೇಳಿಕೊಡತೇನಿ” ಎನ್ನುತ್ತಾರೆ. ರೈಲು ಬರುವ ತನಕ ಇಬ್ಬರೂ ಹಾಡುತ್ತಾರೆ.